ಹೆಸರು ಕೇಳಿದ ಬೆಸ್ತ

"ಗುರುಗಳೇ, ಹೆಸರು ಹೋದಮೇಲೆ ಸಂಬಂಧ ಉಳಿಯುತ್ತದೆಯೇ?" ಎಂದು ಮಠದ ಶಿಷ್ಯ ಗುರುಪಾದ ಕೇಳಿದ.

ಯಾರ ಹೆಸರು, ಯಾರೊಡನೆ ಸಂಬಂಧ ಎಂದು ಗುರುಗಳು ವಿಚಾರಿಸಿದರು.

ಗುರುಪಾದ ಹೇಳಿದ. ಅವನ ತಾಯಿ ಅಕ್ಕನ ಮನೆಯಲ್ಲಿದ್ದಾಳೆ. ಅಕ್ಕನ ಊರಿನವರು ನಿನ್ನೆ ಮಠಕ್ಕೆ ಬಂದಿದ್ದರು. ತಾಯಿಗೆ ಈಗ ಯಾರ ಗುರುತೂ ಸಿಗುತ್ತಿಲ್ಲವಂತೆ. ಹೊತ್ತು ಹೊತ್ತಿಗೆ ಉಣ್ಣಿಸುವ ಮಗಳನ್ನೇ ಯಾರವ್ವ ನೀನು ಎಂದು ಕೇಳುತ್ತಾಳಂತೆ. ಗುರುಪಾದನ ಹೆಸರು ಹೇಳಿದರೆ, ಯಾರ ಮಗ ಅವನು ಎನ್ನುತ್ತಾಳಂತೆ. ಒಮ್ಮೆ ಬಂದು ಹೋಗು ಎಂದು ಅಕ್ಕ ಹೇಳಿ ಕಳಿಸಿದ್ದಾಳೆ.

"ಹೋಗಿ ಏನು ಮಾಡಲಿ? ನನ್ನ ಹೆಸರು ಮರೆತವಳ ಮುಂದೆ ನಿಂತರೆ ನಾನು ಅವಳಿಗೆ ಯಾರು? ದಾರಿಯಲ್ಲಿ ಹೋಗುವವನೂ ಒಂದೇ, ನಾನೂ ಒಂದೇ."

ಗುರುಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ದೊಡ್ಡ ಕೆರೆಯ ದಂಡೆಯಲ್ಲಿ ಒಬ್ಬ ಬೆಸ್ತನಿದ್ದ. ಅವನ ಹೆಸರು ಜಂಬಣ್ಣ. ಹೆಂಡತಿ ಹುಲಿಗೆವ್ವ. ಅವರಿಗೆ ಮಕ್ಕಳಿರಲಿಲ್ಲ. ಅವನು ಬಲೆ ಬೀಸಿ ಮೀನು ತರುತ್ತಿದ್ದ. ಅವಳು ಅದನ್ನು ಆರಿಸಿ ಬೇರೆ ಬೇರೆ ಗಡಿಗೆಗಳಿಗೆ ಹಾಕುತ್ತಿದ್ದಳು. ಸಂತೆಗೆ ಇಬ್ಬರೂ ಹೋಗುತ್ತಿದ್ದರು. ಮಾರುವ ಮಾತೆಲ್ಲ ಅವಳದು. ಅವನು ಅವಳ ಹಿಂದೆ ಕೂತು ಬೀಡಿ ಸೇದುತ್ತಿದ್ದ.

ಆ ಕೆರೆಯ ತಳವೆಲ್ಲ ಕೆಸರು. ಅಲ್ಲಿ ಮೀಸೆಯ ಮೀನುಗಳು ಹೆಚ್ಚು. ಅವುಗಳ ಮೈಮೇಲೆ ಹುರುಪೆ ಇರುವುದಿಲ್ಲ. ಕದಡಿದ ನೀರಿನಲ್ಲಿ ಕಣ್ಣಿಂದ ಅವಕ್ಕೆ ಹೆಚ್ಚು ಉಪಯೋಗವಿಲ್ಲ. ಮೀಸೆಯಿಂದಲೇ ಮುಟ್ಟಿ, ಮೀಸೆಯಿಂದಲೇ ರುಚಿ ನೋಡಿ ಬದುಕುತ್ತವೆ. ತಿಳಿಯದವರು ಅವನ್ನೆಲ್ಲ ಒಂದೇ ಜಾತಿ ಎಂದುಕೊಳ್ಳುತ್ತಾರೆ. ಹುಲಿಗೆವ್ವ ಬುಟ್ಟಿಯೊಳಗೆ ಕೈ ಇಟ್ಟು, ಮುಖ ಬೇರೆ ಕಡೆ ತಿರುಗಿಸಿ ನೆರೆಯವರೊಡನೆ ಮಾತಾಡುತ್ತಲೇ ಅವನ್ನು ವಿಂಗಡಿಸುತ್ತಿದ್ದಳು. ಮುರುಗೋಡನ್ನು ಒಂದು ಗಡಿಗೆಗೆ, ಚೇಳುಮೀನನ್ನು ಇನ್ನೊಂದಕ್ಕೆ, ಗಿರ್ಲನ್ನು ಮತ್ತೊಂದಕ್ಕೆ. ಬಾಳೆಮೀನು ಸಿಕ್ಕರೆ ಅದು ಬುಟ್ಟಿಯಲ್ಲೇ ಉಳಿಯುತ್ತಿತ್ತು, ಅಷ್ಟು ದೊಡ್ಡದು.

ಇದರಲ್ಲಿ ಒಂದು ಅಪಾಯವಿತ್ತು. ಮುರುಗೋಡು, ಚೇಳುಮೀನು ಎರಡೂ ನೋಡುವುದಕ್ಕೆ ಹತ್ತಿರ ಹತ್ತಿರ. ಎರಡಕ್ಕೂ ಎಂಟೆಂಟು ಮೀಸೆ. ಎರಡೂ ನೀರಿನ ಹೊರಗೆ ಗಾಳಿ ಕುಡಿದು ಬಹಳ ಹೊತ್ತು ಜೀವ ಹಿಡಿಯುತ್ತವೆ. ಆದರೆ ಚೇಳುಮೀನಿನ ಪಕ್ಕದ ಮುಳ್ಳಿನಲ್ಲಿ ನಂಜಿದೆ. ಚುಚ್ಚಿದರೆ ಕೈಯೆಲ್ಲ ಉರಿದು ಊದಿಕೊಳ್ಳುತ್ತದೆ, ಜ್ವರ ಬರುತ್ತದೆ. ಹುಲಿಗೆವ್ವನಿಗೆ ಅದು ಚುಚ್ಚಿದ್ದೇ ಇರಲಿಲ್ಲ.

ಒಂದು ವರ್ಷ ಅವಳಿಗೆ ದೊಡ್ಡ ಜ್ವರ ಬಂತು. ನೆತ್ತಿಗೇರಿತು. ಬದುಕುವುದಿಲ್ಲ ಎಂದುಕೊಂಡಿದ್ದರು. ಬದುಕಿದಳು. ಎದ್ದು ಕೂತಳು, ಗಂಜಿ ಕುಡಿದಳು, ನಡೆದಾಡಿದಳು. ಮಾತೂ ಆಡಿದಳು. ಆದರೆ ಮಾತಿನೊಳಗೆ ಹೆಸರುಗಳಿರಲಿಲ್ಲ. ನೀರು ಬೇಕಾದರೆ "ಕುಡಿಯೋದು ಕೊಡು" ಎನ್ನುತ್ತಿದ್ದಳು. ಕಂಬಳಿಗೆ "ಬೆಚ್ಚಗ ಮಾಡೋದು" ಎನ್ನುತ್ತಿದ್ದಳು. ಊರಿನ ಹೆಸರು ಕೇಳಿದರೆ ಕೈ ಎತ್ತಿ ಮನೆಗಳ ಕಡೆ ತೋರಿಸುತ್ತಿದ್ದಳು. ತನ್ನ ಹೆಸರನ್ನು ಯಾರಾದರೂ ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ.

ಜಂಬಣ್ಣ ಅವಳನ್ನು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಒಳ್ಳೆಯವರು. ಅವಳನ್ನು ಬಹಳ ಹೊತ್ತು ಮಾತಾಡಿಸಿ ನೋಡಿದರು. "ಒಂದೊಂದೇ ಹೆಸರು ಹೇಳಿಸಿ ಅಭ್ಯಾಸ ಮಾಡಿಸಿ. ಕೆಲವರಿಗೆ ಬರುತ್ತದೆ. ಆದರೆ ಆಕೆಗೆ ಬೇಸರವಾದರೆ ಬಿಟ್ಟುಬಿಡಿ, ಒತ್ತಾಯ ಬೇಡ" ಎಂದರು. ಜಂಬಣ್ಣ ಮೊದಲಿನ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಎರಡನೆಯ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು.

ಊರಿಗೆ ಬಂದ ಮೇಲೆ ಅವಳು ಎಂದಿನಂತೆ ಬುಟ್ಟಿಯ ಮುಂದೆ ಕೂತಳು. ಅವನು ಬೇಡ ಎನ್ನುವಷ್ಟರಲ್ಲಿ ಕೈ ಒಳಗೆ ಇಟ್ಟಾಗಿತ್ತು. ಚೇಳುಮೀನು ಚುಚ್ಚಿತು. ಅವಳು ಕೂಗಿಕೊಂಡಳು. ಏನಾಯಿತೆಂದು ಹೇಳಲು ಅವಳಿಗೆ ಬರಲಿಲ್ಲ. ಕೈಯನ್ನು ಎದೆಗೆ ಒತ್ತಿಕೊಂಡು ಬುಟ್ಟಿಯನ್ನೇ ನೋಡುತ್ತಿದ್ದಳು. ಅಷ್ಟು ವರ್ಷ ತನ್ನ ಮಾತು ಕೇಳಿದ ಬುಟ್ಟಿ ಈಗ ಯಾಕೆ ಹೀಗೆ ಮಾಡಿತು ಎಂಬಂತೆ ನೋಡುತ್ತಿದ್ದಳು. ಜಂಬಣ್ಣ ಅವಳ ಕೈಯನ್ನು ಬಿಸಿನೀರಿನಲ್ಲಿ ಅದ್ದಿ ಹಿಡಿದು ಕೂತ. ಅವಳು ಅಳುವಾಗ ಅವನೂ ಅತ್ತ.

ಹೀಗೆ ಕಲಿಸುವುದು ಶುರುವಾಯಿತು. ಅದು ಶುರುವಾದದ್ದು ಪ್ರೀತಿಯಿಂದ. ಇದನ್ನು ಮರೆಯಬೇಡ.

ಊತ ಇಳಿದ ಮೇಲೆ ಅವನು ಅಂಗಳದಲ್ಲಿ ಚಾಪೆ ಹಾಸಿ ಅವಳನ್ನು ಕೂರಿಸಿದ. ಸತ್ತ ಮೀನುಗಳನ್ನು ಮುಂದಿಟ್ಟ, ಮುಳ್ಳು ಮುರಿದು ಇಟ್ಟ. ಅವಳ ಬೆರಳು ಹಿಡಿದು ಮೀನಿನ ಬೆನ್ನ ಮೇಲೆ ಎಳೆದ.

"ಇದರ ಬೆನ್ನ ಮ್ಯಾಲ ರೆಕ್ಕಿ ನೋಡು. ತಲಿ ಹಿಂದಿನಿಂದ ಬಾಲದ ತನಕ ಐತಿ. ಉದ್ದಕ್ಕ ಐತಿ. ಇದು ಮುರುಗೋಡು. ಈಗ ಇದು ನೋಡು. ಬೆನ್ನ ಮ್ಯಾಲ ಬೆರಳಗಲ ಸೈತ ಇಲ್ಲ, ಒಂದು ಚೂರು ರೆಕ್ಕಿ. ಎಲಿ ಚಿಗುರಿದಂಗ. ಉಳಿದ ಬೆನ್ನೆಲ್ಲ ಬರೀ ನುಣ್ಣಗ. ಇದು ಚೇಳುಮೀನು. ಇದನ್ನ ಮುಟ್ಟಬ್ಯಾಡ."

ಅವಳು ಬೆರಳು ಎಳೆದಳು. ಮತ್ತೆ ಎಳೆದಳು.

ಗಿರ್ಲು ಕೊಟ್ಟ. ಅದರ ಒಂದು ಜೋಡಿ ಮೀಸೆ ಬಹಳ ಉದ್ದ, ಬಾಲದ ಹತ್ತಿರ ಬರುತ್ತದೆ. ಬೆನ್ನ ರೆಕ್ಕೆಗೂ ಬಾಲಕ್ಕೂ ನಡುವೆ ಇನ್ನೊಂದು ಸಣ್ಣ ರೆಕ್ಕೆ ಇದೆ. ಅದರಲ್ಲಿ ಎಲುಬಿಲ್ಲ, ಮುಳ್ಳಿಲ್ಲ, ಕಿವಿಯ ತುದಿಯಂತೆ ಮೆತ್ತಗಿರುತ್ತದೆ. ಅದನ್ನು ಅವಳು ಬಹಳ ಹೊತ್ತು ಹಿಸುಕಿ ನೋಡಿದಳು. ಬಾಳೆಮೀನು ತೋರಿಸಿದ. ಅದಕ್ಕೆ ಮೀಸೆ ನಾಲ್ಕೇ. ಬಾಯಿ ಕಣ್ಣಿನ ಹಿಂದೆಯೂ ಸೀಳಿಕೊಂಡಿದೆ. ಗೊದ್ಲೆ ಎಂಬ ಮೀನಿಗೂ ನಾಲ್ಕೇ ಮೀಸೆ, ಆದರೆ ಅದು ಚಿಕ್ಕದು, ಮೈ ತೆಳ್ಳಗೆ.

ಅವಳ ಬೆರಳುಗಳು ಕೆಲವೇ ವಾರಗಳಲ್ಲಿ ಎಲ್ಲವನ್ನೂ ಕಲಿತವು. ಮತ್ತೆ ಬುಟ್ಟಿಯ ಮುಂದೆ ಕೂತಳು. ಮೊದಲು ಬೆನ್ನು ಸವರಿ ನೋಡುವಳು. ರೆಕ್ಕೆ ಉದ್ದವಿದ್ದರೆ ಎತ್ತುವಳು, ಇಲ್ಲದಿದ್ದರೆ ಕೈ ಹಿಂದೆ ತೆಗೆದುಕೊಂಡು ಗಂಡನ ಮುಖ ನೋಡುವಳು. ಚೇಳುಮೀನು ಅವಳನ್ನು ಇನ್ನೊಮ್ಮೆ ಚುಚ್ಚಲಿಲ್ಲ.

"ಹಾಗಾದರೆ ಅವನ ಕೆಲಸ ಮುಗಿಯಿತಲ್ಲ" ಎಂದು ಗುರುಪಾದ ಅಂದ.

"ಮುಗಿದಿತ್ತು" ಎಂದು ಗುರುಗಳು ಮುಂದುವರಿಸಿದರು.

ಅವನಿಗೆ ಮಾತ್ರ ಮುಗಿಯಲಿಲ್ಲ. ಅದಕ್ಕೆ ಕಾರಣವಿತ್ತು. ಒಂದು ದಿನ ಜೀವಂತ ಗಿರ್ಲು ಕೈಯಲ್ಲಿ ಹಿಡಿದಿದ್ದಳು. ಆ ಮೀನನ್ನು ಹಿಡಿದರೆ ಮುಳ್ಳು ಸೆಟೆದು ಗಿರ್ ಗಿರ್ ಎಂದು ಸದ್ದು ಮಾಡುತ್ತದೆ. ಇದೇನು ಎಂದು ಅವನು ಕೇಳಿದ. "ಗಿರ್ ಅನ್ನೋದು" ಎಂದಳು. ಗಿರ್ಲು ಎನ್ನುವುದಕ್ಕೂ ಗಿರ್ ಅನ್ನೋದು ಎನ್ನುವುದಕ್ಕೂ ಎಷ್ಟು ದೂರ? ಇನ್ನೊಂದು ಹೆಜ್ಜೆ ಇಟ್ಟರೆ ಹೆಸರು ಬಂದೇಬಿಡುತ್ತದೆ ಎಂದುಕೊಂಡ. ಮೀನಿನ ಹೆಸರು ಬಂದರೆ ಬೇರೆ ಹೆಸರುಗಳೂ ಬರುತ್ತವೆ ಎಂದುಕೊಂಡ.

ಬೇರೆ ಹೆಸರುಗಳೆಂದರೆ ಒಂದೇ ಹೆಸರು. ಅವನದು.

ಅವರ ಕಡೆ ಹೆಂಡತಿಯಾದವಳು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಹುಲಿಗೆವ್ವ ಹೇಳಿದ್ದು ಒಂದೇ ಸಲ. ಮದುವೆಯ ದಿನ ಹೆಂಗಸರು ಬಾಗಿಲಲ್ಲಿ ಅವಳನ್ನು ತಡೆದು, ಒಡಪಿನ ಪದ್ಯ ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದಿದ್ದರು. ಅವಳು ಹೇಳಿದಳು. ಎಲ್ಲರೂ ನಕ್ಕರು. ಜಂಬಣ್ಣ ಆಗ ಹೊರಗೆ ಗೆಳೆಯರ ನಡುವೆ ನಿಂತಿದ್ದ. ಅವನಿಗೆ ನಗು ಕೇಳಿಸಿತು, ಹೆಸರು ಕೇಳಿಸಲಿಲ್ಲ. ಅದು ಅವನಿಗೆ ಅಂದು ದೊಡ್ಡದೆನಿಸಲಿಲ್ಲ. ಆಮೇಲೆ ಅಷ್ಟು ವರ್ಷ ಸಂಸಾರ ಮಾಡಿದಾಗಲೂ ಅನಿಸಲಿಲ್ಲ. ಅವಳು "ಕೇಳ್ರೀ ಇಲ್ಲಿ" ಎನ್ನುತ್ತಿದ್ದಳು, ಅವನು ಓಗೊಡುತ್ತಿದ್ದ. ಈಗ ಎಲ್ಲ ಹೆಸರುಗಳೂ ಹೋದ ಮೇಲೆ, ತನ್ನ ಹೆಸರೂ ಹೋಯಿತೋ ಒಳಗೆಲ್ಲೋ ಇದೆಯೋ ಎಂದು ತಿಳಿಯಬೇಕೆನಿಸಿತು. ತಿಳಿಯುವ ದಾರಿ ಇರಲಿಲ್ಲ. ಎಂದೂ ಹೇಳದವಳು ಇಂದೂ ಹೇಳದಿದ್ದರೆ, ಅದು ಮರೆವೋ ಮರ್ಯಾದೆಯೋ ಯಾರಿಗೆ ಗೊತ್ತು?

ಅದಕ್ಕೇ ಅವನು ಮೀನಿನ ಹೆಸರು ಕೇಳುತ್ತ ಹೋದ.

"ಇದು ಯಾವ್ದು?"

"ಕೈ ಸುಡೋದು."

"ಅದು ಹೆಸರಲ್ಲ. ಹೆಸರು ಹೇಳು."

"ಸುಡತೈತ್ರೀ."

"ಸುಡತೈತಿ, ನನಗೂ ಗೊತ್ತೈತಿ. ಹೆಸರು ಹೇಳಂದ್ರ ಹೆಸರು ಹೇಳು!"

ಮುರುಗೋಡಿಗೆ ಅವಳು "ಗಡಿಗ್ಯಾಗ ಸಾಯದ್ದು" ಎಂದಳು. ಬಾಳೆಮೀನಿಗೆ "ನುಂಗೋದು" ಎಂದಳು. ಯಾವುದೂ ತಪ್ಪಲ್ಲ. ಎಲ್ಲವನ್ನೂ ಅವನು ತಪ್ಪೆಂದ. ಅವಳು ಹೇಳಿದ್ದನ್ನೇ ಮತ್ತೆ ಹೇಳಿದರೆ ದನಿ ಏರಿಸಿದ. ಸುಮ್ಮನಾದರೆ ಇನ್ನೂ ಏರಿಸಿದ. ಬೆಳಗ್ಗೆ ಕೇಳಿದ, ಉಣ್ಣುವಾಗ ಕೇಳಿದ, ಸಂತೆಯಲ್ಲಿ ಜನರ ಮುಂದೆ ಕೇಳಿದ. ಜನ ಸುತ್ತ ನಿಂತು ನೋಡಿದರು. ಸಂತೆಗೆ ಹೋಗುವುದೆಂದರೆ ಅವಳು ಮನೆಯ ಕಂಬ ತಬ್ಬಿಕೊಳ್ಳತೊಡಗಿದಳು.

ಅಷ್ಟರಲ್ಲಿ ಅವಳ ತಂಗಿ ಗಾಳೆವ್ವ ಬಂದಳು. ಅವಳನ್ನು ಕೊಟ್ಟದ್ದು ನದಿಯ ಆಚೆಯ ಊರಿಗೆ, ಅವರೂ ಬೆಸ್ತರೇ. ಅಕ್ಕನ ಆರೈಕೆಗೆಂದು ಕೆಲವು ದಿನ ಇರಲು ಬಂದಿದ್ದಳು. ಬಂದ ದಿನವೇ ಇದನ್ನೆಲ್ಲ ನೋಡಿದಳು. ಅಕ್ಕನ ಗಂಡ, ಹಿರಿಯ, ಹೇಗೆ ಹೇಳುವುದು? ಆಮೇಲೆ ಒಂದು ದಿನ ತಡೆಯಲಾಗಲಿಲ್ಲ.

"ಮಾವ, ಅದು ಸುಡತೈತಿ ಅಂತ ಆಕಿಗೆ ಗೊತ್ತೈತಿ. ಮುಟ್ಟೋದಿಲ್ಲ. ಇನ್ನೇನು ಬೇಕು ನಿನಗ?"

"ಹೆಸರು ಬೇಕು."

"ನೀವು ಮುರುಗೋಡು ಅಂತೀರಿ. ನಮ್ಮೂರಾಗ ಅದಕ್ಕ ಆನೆಮೀನು ಅಂತೀವಿ. ಹಂಗಾರ ನಮಗ ಆ ಮೀನು ಗೊತ್ತಿಲ್ಲೇನು?"

ಜಂಬಣ್ಣ ಸಿಟ್ಟಾದ. ನಿನ್ನ ಮನೆಯ ಮಾತು ನಿನ್ನ ಮನೆಯಲ್ಲಿ ಎಂದ. ಗಾಳೆವ್ವ ಒಳಗೆ ಹೋದಳು.

ಆಮೇಲೆ ಅವನು ಎರಡು ಕೆಲಸ ಮಾಡಿದ. ಎರಡನ್ನೂ ಅವನು ಸಾಯುವವರೆಗೆ ಮರೆಯಲಿಲ್ಲ.

ಮೊದಲನೆಯದು ಊಟದ ಹೊತ್ತಿನಲ್ಲಿ ನಡೆಯಿತು. ಹುಲಿಗೆವ್ವ ಹಸಿದಿದ್ದಳು. ಅವಳ ಮುಂದೆ ತಟ್ಟೆ ಇತ್ತು, ರೊಟ್ಟಿ ಇತ್ತು, ಮೀನಿನ ಸಾರು ಇತ್ತು. ಅವಳು ಕೈ ಚಾಚಿದಾಗ ಅವನು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ಇದು ಯಾವ ಮೀನು ಹೇಳು, ಆಮೇಲೆ ಉಣ್ಣು ಎಂದ. ಅವಳು ತಟ್ಟೆಯನ್ನು ನೋಡಿದಳು, ಅವನನ್ನು ನೋಡಿದಳು. ಏನೇನೋ ಹೇಳಿದಳು. ಉದ್ದ ಬೆನ್ನಿನದು ಎಂದಳು. ಗಡಿಗ್ಯಾಗ ಸಾಯದ್ದು ಎಂದಳು. ಕಪ್ಪಂದು ಎಂದಳು. ತನಗೆ ಗೊತ್ತಿದ್ದುದನ್ನೆಲ್ಲ ಒಂದೊಂದಾಗಿ ಅವನ ಮುಂದೆ ಇಟ್ಟಳು. ಕೊನೆಗೆ "ಹಸಿವು" ಎಂದಳು. ಅವನಿಗೆ ನಾಚಿಕೆಯಾಯಿತು. ತಟ್ಟೆ ಕೊಟ್ಟ. ಅವಳು ಗೋಡೆಯ ಕಡೆ ತಿರುಗಿ ಕೂತು ಉಂಡಳು.

ಎರಡನೆಯದು ಕೆಲವು ದಿನಗಳ ಮೇಲೆ. ಮೀನನ್ನು ಹೊರಗಿನಿಂದ ನೋಡಿದ್ದಕ್ಕೆ ಹೆಸರು ಬರಲಿಲ್ಲ, ಒಳಗೆ ನೋಡಿದರೆ ಬಂದೀತು ಎಂದು ಅವನಿಗೆ ಅನಿಸಿತು. ಗಡಿಗೆಯಿಂದ ಒಂದು ಮುರುಗೋಡು ತೆಗೆದ. ಅದು ಇನ್ನೂ ಜೀವ ಹಿಡಿದಿತ್ತು. ಅದರ ಚಪ್ಪಟೆ ತಲೆಯನ್ನು ಕತ್ತಿಯಿಂದ ಸೀಳಿದ. ಕಿವಿರಿನ ಮೇಲೆ ಕೆಂಪು ಗಿಡದಂಥದ್ದು ಕಾಣಿಸಿತು, ಸಣ್ಣ ಸಣ್ಣ ಕೊಂಬೆಗಳು. ಮುರುಗೋಡು ಗಾಳಿ ಕುಡಿಯುವುದು ಅದರಿಂದಲೇ. "ನೋಡು, ಇದು ಬ್ಯಾರೆ ಮೀನಿಗಿಲ್ಲ. ಇದು ಮುರುಗೋಡಿಗೇ ಇರೋದು. ಈಗ ಹೇಳು, ಏನಂತಾರ ಇದಕ್ಕ?" ಎಂದು ಅವಳ ಮುಖದ ಹತ್ತಿರ ಹಿಡಿದ. ಮೀನಿನ ಬಾಯಿ ತೆರೆದು ಮುಚ್ಚುತ್ತಿತ್ತು. ಹುಲಿಗೆವ್ವ ಸೆರಗು ತೆಗೆದು ಅದರ ಮೇಲೆ ಹೊದಿಸಿದಳು. ಅವನು ಸೆರಗು ಎಳೆದ. ಅವಳು ಮತ್ತೆ ಹೊದಿಸಿದಳು.

ಅಂದು ಅವಳು ಯಾವ ಮೀನಿಗೂ ಏನೂ ಹೇಳಲಿಲ್ಲ.

ಇದಾಗಿ ಕೆಲವು ದಿನಗಳ ನಂತರ ಜಂಬಣ್ಣ ಕೆರೆಯಿಂದ ಬೇಗ ಬಂದ. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಗಾಳಿ ಜಾಸ್ತಿ ಇದ್ದುದರಿಂದ ಹರಿಗೋಲು ನಿಲ್ಲುತ್ತಿರಲಿಲ್ಲ. ಒಣಹಾಕಿದ ಬಲೆಯ ಹಿಂದಿನಿಂದ ಅಂಗಳಕ್ಕೆ ಬರುವಾಗ ನಗು ಕೇಳಿಸಿತು. ಜ್ವರ ಬಂದಮೇಲೆ ಅವನು ಹೆಂಡತಿಯ ನಗು ಕೇಳಿರಲಿಲ್ಲ. ಅಲ್ಲೇ ನಿಂತ.

ಅಕ್ಕತಂಗಿಯರು ಬಿಸಿಲಿಗೆ ಕೂತಿದ್ದರು. ಗಾಳೆವ್ವ ಅಕ್ಕನ ತಲೆ ಬಾಚುತ್ತಿದ್ದಳು.

"ನಾನು ಯಾರಬೇ?" ಎಂದು ಕೇಳಿದಳು.

"ತಲಿ ಬಾಚಾಕಿ."

"ಆಚಿ ಮನ್ಯಾಕಿ?"

"ಹಾಲು ಕೊಡಾಕಿ."

"ಓಣ್ಯಾಗ ದಿನಾ ಹೋಗ್ತಾನಲ್ಲ, ಆ ಮುದುಕ?"

"ಕೆಮ್ಮಾಂವ."

ಇಬ್ಬರೂ ನಕ್ಕರು. ಆ ಮುದುಕ ನಿಜವಾಗಿಯೂ ಊರೆಲ್ಲ ಕೇಳುವಂತೆ ಕೆಮ್ಮುತ್ತಿದ್ದ. ಜಂಬಣ್ಣನಿಗೂ ನಗು ಬಂತು. ತಾನು ಬಲೆಯ ಹಿಂದೆ ನಿಂತು ಕದ್ದು ಕೇಳುತ್ತಿದ್ದೇನೆ ಎಂಬುದು ಅವನಿಗೆ ಮರೆತೇಹೋಯಿತು. ಬಲೆ ಸರಿಸಿ ಅಂಗಳಕ್ಕೆ ಕಾಲಿಟ್ಟ.

ಹುಲಿಗೆವ್ವನ ನಗು ನಿಂತಿತು. ಅವಳು ತಂಗಿಯ ಮಂಡಿಗೆ ಒರಗಿ, ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ಸಣ್ಣ ದನಿಯಲ್ಲಿ ಹೇಳಿದಳು.

"ಬಯ್ಯೋರು ಬಂದ್ರು."

ನೋಡು, ಅವಳು ಹೆಸರು ಮರೆತಿದ್ದಳು. ಗಂಡನಿಗೆ ಬಹುವಚನ ಹಚ್ಚುವುದನ್ನು ಮರೆತಿರಲಿಲ್ಲ.

ಗಾಳೆವ್ವ ತಲೆ ಎತ್ತಲಿಲ್ಲ. ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು ಬಿಡಿಸುತ್ತ ಕೂತಳು. ಜಂಬಣ್ಣ ಬುಟ್ಟಿ ಇಳಿಸಿದ. ಏನೋ ಹೇಳಬೇಕೆಂದು ಬಾಯಿ ತೆರೆದ. ಅವನು ಬಾಯಿ ತೆರೆದದ್ದನ್ನು ನೋಡಿಯೇ ಹುಲಿಗೆವ್ವ ಇನ್ನಷ್ಟು ಮುದುಡಿದಳು. ಅವನು ಬಾಯಿ ಮುಚ್ಚಿ ಕೆರೆಯ ಕಡೆ ವಾಪಸು ಹೋದ. ಗಾಳಿ ನಿಂತಿರಲಿಲ್ಲ. ಹರಿಗೋಲಿನ ಪಕ್ಕ ಕೂತುಕೊಂಡ.

ಅವನಿಗೆ ಆಗ ಗೊತ್ತಾಯಿತು. ಅವಳು ಹೇಳುತ್ತಿದ್ದುದೆಲ್ಲ ಹೆಸರುಗಳೇ. ಯಾವುದು ತನಗೆ ಏನು ಮಾಡುತ್ತದೋ ಅದೇ ಅವಳು ಇಡುವ ಹೆಸರು. ಚೇಳುಮೀನಿನ ಬಗ್ಗೆ ಅವಳು ಸುಳ್ಳು ಹೇಳಿರಲಿಲ್ಲ. ಇವನ ಬಗ್ಗೆಯೂ ಹೇಳಿರಲಿಲ್ಲ.

ಅಂದಿನಿಂದ ಅವನು ಕೇಳುವುದನ್ನು ಬಿಟ್ಟ. ಗಾಳೆವ್ವ ತನ್ನ ಊರಿಗೆ ಹೋಗಬೇಕಾಯಿತು, ಅವಳಿಗೂ ಸಂಸಾರವಿತ್ತು. ಹೋಗುವಾಗ ಅಕ್ಕನನ್ನು ತಬ್ಬಿಕೊಂಡಳು. ಜಂಬಣ್ಣ ಅವಳಿಗೆ ಹೇಳಿದ. "ಬಾಚಣಿಗಿ ಎಲ್ಲಿಟ್ಟಿ, ತೋರಿಸಿ ಹೋಗು."

ಅವನು ಹೆಂಡತಿಯ ತಲೆ ಬಾಚಿದ. ಅವನಿಗೆ ಬರುತ್ತಿರಲಿಲ್ಲ. ಬಲೆಯ ಗಂಟು ಬಿಡಿಸಿದ ಕೈ ಅದು, ಸಿಕ್ಕು ಬಿಡಿಸುವುದು ಗೊತ್ತಿತ್ತು, ಜಡೆ ಹೆಣೆಯುವುದು ಗೊತ್ತಿರಲಿಲ್ಲ. ಮೊದಮೊದಲು ಅವಳು ಹೆಗಲು ಬಿಗಿದು ಕೂರುತ್ತಿದ್ದಳು. ಅವನು ಮುರುಗೋಡು ಸುಟ್ಟು, ಮುಳ್ಳು ತೆಗೆದು, ಬಿಡಿಬಿಡಿ ಮಾಡಿ ಅವಳ ತಟ್ಟೆಗೆ ಹಾಕಿದ. ಅವಳು ಉಣ್ಣುವಾಗ ದೂರ ಕೂತ. ಮೀನುಗಳಿಗೆ ತಾನೂ ಅವಳ ಹೆಸರುಗಳನ್ನೇ ಹೇಳಿದ. ಇವತ್ತು ನುಂಗೋದು ಸಿಕ್ಕಿತು ನೋಡು ಎನ್ನುತ್ತಿದ್ದ. ಕೈ ಸುಡೋದನ್ನು ನಾನೇ ತೆಗೀತೀನಿ ಎನ್ನುತ್ತಿದ್ದ. ಅವಳು ಕೇಳಿಸಿಕೊಳ್ಳುತ್ತಿದ್ದಳು. ಗಾಳಿ ಇಲ್ಲದ ದಿನ ಅವಳನ್ನು ಹರಿಗೋಲಿನಲ್ಲಿ ಕೂರಿಸಿ ಕೆರೆಯ ನಡುವಿಗೆ ಕರೆದೊಯ್ಯುತ್ತಿದ್ದ. ಅವಳು ನೀರಿಗೆ ಕೈ ಇಳಿಬಿಟ್ಟು ಕೂರುತ್ತಿದ್ದಳು.

ಹೆಗಲು ಸಡಿಲವಾಯಿತು. ಅಷ್ಟು ಅವನಿಗೆ ಬಾಚುವ ಕೈಯಲ್ಲೇ ತಿಳಿಯಿತು.

ಅವನು ಒಳಗೊಳಗೆ ಕಾಯುತ್ತಿದ್ದ. ಈಗ ಅವಳು ನನ್ನನ್ನು ಏನೆಂದು ಕರೆಯುತ್ತಾಳೆ? ಬಾಚೋರು ಎಂದಾಳೆಯೇ, ಮುಳ್ಳು ತೆಗಿಯೋರು ಎಂದಾಳೆಯೇ, ಕರಕೊಂಡು ಹೋಗೋರು ಎಂದಾಳೆಯೇ? ಕೇಳಲು ಅವನಿಗೆ ಧೈರ್ಯವಿರಲಿಲ್ಲ. ಕೇಳಿದರೆ ಹಳೆಯವನೇ ಆಗಿಬಿಡುತ್ತೇನೆ ಎಂದು ಹೆದರಿದ. ಅವಳಾಗಿಯೇ ಯಾರ ಮುಂದಾದರೂ ಹೇಳಲಿ, ತನ್ನ ಕಿವಿಗೆ ಬೀಳಲಿ ಎಂದು ಕಾದ. ನೆರೆಯವಳು ಹಾಲು ತಂದಾಗ ಬೇಕೆಂದೇ ಬಾಗಿಲ ಹತ್ತಿರ ಸುಳಿದಾಡಿದ.

ಆದರೆ ಅವಳ ಮಾತು ಕಡಿಮೆಯಾಗುತ್ತ ಬಂದಿತ್ತು. ಕುಡಿಯೋದು ಎಂಬುದು ಹೋಯಿತು, ಬರೀ ಕೈ ತೋರಿಸಿದಳು. ಹಾಲು ಕೊಡಾಕಿ ಹೋದಳು, ಕೆಮ್ಮಾಂವ ಹೋದ. ಕೆಲವು ಕಾಲ ಎಲ್ಲವೂ "ಅದು" ಆಗಿತ್ತು. ಆಮೇಲೆ ಅದೂ ಇಲ್ಲ. ಅವನು ಬಾಚುವಾಗ ಅವಳು ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಅವನು ಒಳ್ಳೆಯವನಾದ ಹೊತ್ತಿಗೆ ಅದನ್ನು ಹೇಳುವ ಬಾಯಿ ಅವಳಿಗೆ ಉಳಿದಿರಲಿಲ್ಲ.

ಕೆರೆಯ ನೀರು ಇಳಿದು ಕೆಸರು ಕಾಣಿಸಿಕೊಂಡ ಕಾಲದಲ್ಲಿ ಅವಳು ಹಾಸಿಗೆ ಹಿಡಿದಳು. ಜಂಬಣ್ಣ ಗಾಳೆವ್ವನಿಗೆ ಹೇಳಿ ಕಳಿಸಿದ. ಅವಳು ಬಂದು ಅಕ್ಕನ ತಲೆದೆಸೆಯಲ್ಲಿ ಕೂತಳು. ಅವನು ಕಾಲ್ದೆಸೆಯಲ್ಲಿ ಕೂತ. ಮಧ್ಯಾಹ್ನದ ಹೊತ್ತು. ಹುಲಿಗೆವ್ವ ಕಣ್ಣು ತೆರೆದು ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ತುಟಿ ಅಲುಗಿತು. ಗಾಳೆವ್ವ ಬಾಗಿ ಕಿವಿ ಇಟ್ಟಳು. ಆಮೇಲೆ ತುಟಿ ಅಲುಗಲಿಲ್ಲ.

ಗಾಳೆವ್ವ ಅಕ್ಕನ ಕಣ್ಣು ಮುಚ್ಚಿದಳು. ಅಳು ತಡೆದುಕೊಂಡು ಅವನ ಕಡೆ ತಿರುಗಿದಳು. ಆ ಮುಖ ನೋಡಿ ಅವಳಿಗೂ ಕನಿಕರ ಬಂದಿರಬೇಕು.

"ಮಾವ, ನಿನ್ನ ಹೆಸರು ಹೇಳಿದಳು" ಎಂದಳು.

ಜಂಬಣ್ಣ ಅವಳನ್ನು ನೋಡಿದ.

"ಯಾವ ಹೆಸರು?" ಎಂದು ಕೇಳಿದ.

ಗಾಳೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಇನ್ನೊಮ್ಮೆ ಕೇಳಲಿಲ್ಲ. ಜನ ಸೇರಿದರು, ಮಣ್ಣು ಮಾಡಿದರು. ಗಾಳೆವ್ವ ಕಾರ್ಯ ಮುಗಿಸಿಕೊಂಡು ಹೋದಳು. ಆಮೇಲೆ ಅವರಿಬ್ಬರೂ ಎಷ್ಟೋ ಸಲ ಸಂತೆಯಲ್ಲಿ ಎದುರಾದರು, ಮಾತಾಡಿದರು, ಮಳೆಬೆಳೆ ಕೇಳಿದರು. ಆ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವನು ಬಹಳ ವರ್ಷ ಬದುಕಿದ.

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದನ ಕಣ್ಣು ತುಂಬಿತ್ತು. ಅವನು ಕೇಳಿದ.

"ಗುರುಗಳೇ, ಕೊನೆಗೆ ಅವಳು ಹೇಳಿದ್ದು ಯಾವ ಹೆಸರು? ಹಳೆಯದೋ, ಹೊಸದೋ? ಅದು ತಿಳಿಯದೆ ಅವನು ಹೇಗೆ ಬದುಕಿದ?"

ಗುರುಗಳು ಎದ್ದು ನಿಂತರು. ಗುರುಪಾದನ ಹೆಗಲ ಮೇಲೆ ಕೈ ಇಟ್ಟರು.

"ಉಣ್ಣಿಸುವಾಕಿ ಎಂದು ನಿನ್ನ ಅಕ್ಕನಿಗೆ ಅಲ್ಲೊಂದು ಹೆಸರಿರಬಹುದು; ನಿನ್ನನ್ನು ನಿನ್ನ ತಾಯಿ ಏನೆಂದು ಕರೆಯಬೇಕು, ಹೇಳು."